ನಾಯಿಗಳ ತುರಿಕಜ್ಜಿಯೂ ಅದರ ನಿವಾರಣೋಪಾಯವೂ

ನಮ್ಮ ಹಳ್ಳಿಗಳಲ್ಲಿ ನಾಯಿಯಿಲ್ಲದ ಒಕ್ಕಲುಮನೆಯು ವಿರಳವೆಂದೇ ಹೇಳಬಹುದು. ಕಣದ ರಾಶಿಗೂ, ಕುರಿಯ ಹಟ್ಟಿಗೂ, ತೋಟದ ಫಸಲಿಗೂ ರಾತ್ರಿಯ ಕಾವಲು ಅದರದೇ. ಮುಧೋಳದ ಬೇಟೆನಾಯಿಯಂತೂ ನಾಡಿಗೆ ಕೀರ್ತಿಯನ್ನು ತಂದ ತಳಿ. 2005ನೆಯ ಇಸವಿಯಲ್ಲಿ ಭಾರತದ ಅಂಚೆ ಇಲಾಖೆಯವರು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ಹೀಗಿದ್ದರೂ, ದನಕರುಗಳು ಒಂದು ಹೊತ್ತು ಮೇವು ಬಿಟ್ಟರೆ ಪಶುವೈದ್ಯರಿಗೆ ಹೇಳಿಕಳುಹಿಸುವ ಯಜಮಾನರು, ನಾಯಿಯು ಹಗಲಿರುಳು ಮೈ ಕೆರೆದುಕೊಳ್ಳುತ್ತಿದ್ದರೆ ನಾಯಿಗೆ ಕಜ್ಜಿ ಸಹಜವೆಂದು ಸುಮ್ಮನಿರುವರು. ತಿಂಗಳೆರಡು ಕಳೆದು, ರೋಮ ಉದುರಿ, ಚರ್ಮವು ದಪ್ಪಗಟ್ಟಿ ದುರ್ಗಂಧ ಹೊರಟ ಮೇಲೆ ಅದನ್ನು ಮನೆಯಿಂದ ಅಟ್ಟುವರು. ಅದು ಬೀದಿಪಾಲಾಗಿ ಊರಿನ ಉಳಿದ ನಾಯಿಗಳಿಗೆ ರೋಗವನ್ನು ಹಂಚುವುದು. ಕೊನೆಗೊಂದು ದಿನ ಯಾರೋ ಹುಚ್ಚುನಾಯಿಯೆಂದು ಕೂಗಿದರೆ ಕಲ್ಲು ದೊಣ್ಣೆಗಳಿಗೆ ಗುರಿಯಾಗಿ ಸಾಯುವುದು. ಇಂತಹ ಮರಣಗಳಲ್ಲಿ ಬಹುಪಾಲು ತಪ್ಪಿಸತಕ್ಕವು. ತುರಿಕೆಗೆ ಕಾರಣವನ್ನು ಗುರುತಿಸಿ, ಮನೆಯ ನಾಯಿಗೂ ಬೀದಿಯ ನಾಯಿಗೂ ಒಂದೇ ಕಾಲದಲ್ಲಿ ಚಿಕಿತ್ಸೆ ನಡೆಸಿದರೆ ಸಾಕು.

ತುರಿಕೆಯು ರೋಗದ ಕುರುಹೇ ಹೊರತು ತಾನೇ ಒಂದು ರೋಗವಲ್ಲ. ಆದುದರಿಂದ ನಾಯಿಯು ಮೈಯ ಯಾವ ಭಾಗವನ್ನು ಕೆರೆಯುವುದೆಂಬುದನ್ನು ಯಜಮಾನನು ಮೊದಲು ನೋಡತಕ್ಕದ್ದು. ಸೊಂಟದ ಮೇಲೂ ಬಾಲದ ಬುಡದಲ್ಲಿಯೂ ಕಚ್ಚಿಕೊಳ್ಳುತ್ತಿದ್ದರೆ ಪ್ರಾಯಶಃ ಚಿಗಟದ ಉಪದ್ರವ. ಚಿಗಟವು ಕಣ್ಣಿಗೆ ಬೀಳದಿರಬಹುದು. ರೋಮದೊಳಗಿನ ಕಪ್ಪು ಕಾಳುಗಳಂತಹ ಕಸವನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಉದುರಿಸಿ ಉಜ್ಜಿದರೆ, ಅದು ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುವುದು. ಅದು ಚಿಗಟವು ಹೀರಿದ ರಕ್ತದಿಂದಾದ ಹಿಕ್ಕೆ. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲೇ ಒಗ್ಗದು. ಅಂತಹವುಗಳಿಗೆ ನಾಲ್ಕಾರು ಕಡಿತಗಳಾದರೂ ಸಾಕು, ವಾರಗಟ್ಟಲೆ ನವೆಯಾಗುವುದು. ಇಲ್ಲಿ ಮರೆಯಬಾರದ ಸಂಗತಿಯೊಂದುಂಟು: ನಾಯಿಯ ಮೈಮೇಲೆ ಕಾಣುವ ಚಿಗಟಗಳು ಒಟ್ಟು ಸಂತಾನದಲ್ಲಿ ಅಲ್ಪಭಾಗ ಮಾತ್ರ. ಮೊಟ್ಟೆ, ಮರಿಹುಳು, ಗೂಡುಗಟ್ಟಿದ ಹುಳುಗಳೆಲ್ಲ ಅದು ಮಲಗುವ ಗೋಣಿಯಲ್ಲಿಯೂ, ಜಗಲಿಯ ಬಿರುಕಿನಲ್ಲಿಯೂ, ಕೊಟ್ಟಿಗೆಯ ಮೂಲೆಯ ಧೂಳಿನಲ್ಲಿಯೂ ಇರುವುವು. ನಾಯಿಗೆ ಮಾತ್ರ ಔಷಧವನ್ನು ಹಚ್ಚಿ ಗೋಣಿಯನ್ನು ಹಾಗೆಯೇ ಬಿಟ್ಟರೆ ವ್ಯರ್ಥವಾದ ಖರ್ಚು.

ಉಣ್ಣೆಯ ವಿಷಯವು ರೈತರಿಗೆ ತಿಳಿದದ್ದೇ. ಅದು ಹೊಟ್ಟೆ ತುಂಬಿದ ಮೇಲೆ ನಾಯಿಯಿಂದ ಕೆಳಕ್ಕೆ ಬಿದ್ದು ಗೋಡೆಯ ಸಂದಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದು; ನಾಯಿಗಳಿಗೆ ಪ್ರಾಣಾಂತಿಕವಾದ ಜ್ವರಗಳನ್ನೂ ಹರಡುವುದು. ಕಿವಿಯೊಳಗೂ ಕಾಲ್ಬೆರಳ ಸಂದಿಗಳಲ್ಲಿಯೂ ಹುಡುಕಿ ನೋಡತಕ್ಕದ್ದು.

ಇನ್ನು ನಿಜವಾದ ತುರಿಕಜ್ಜಿ. ತೆಂಗಿನ ಕಾಯಿಗೆ ಹತ್ತುವ ನುಸಿಯ ಪೀಡೆಯನ್ನು ತೋಟಗಾರರು ಬಲ್ಲರು. ಅದೇ ಕುಲಕ್ಕೆ ಸೇರಿದ, ಆದರೆ ಬೇರೆ ಜಾತಿಯ ನುಸಿಯೊಂದು ನಾಯಿಯ ಚರ್ಮವನ್ನು ಹೊಕ್ಕು ಈ ಕಜ್ಜಿಯನ್ನು ಉಂಟುಮಾಡುವುದು. ಅದರ ಗಾತ್ರವು ಅರ್ಧ ಮಿಲಿಮೀಟರನ್ನು ಮೀರದು. ಹೆಣ್ಣು ನುಸಿಯು ಚರ್ಮದ ಮೇಲ್ಪದರದಲ್ಲಿ ಬಿಲವನ್ನು ಕೊರೆದು ಅದರೊಳಗೆ ಮೊಟ್ಟೆಗಳನ್ನಿಡುವುದು. ಮೊಟ್ಟೆಯಿಂದ ಮತ್ತೆ ಮೊಟ್ಟೆಯಿಡುವ ನುಸಿಯಾಗಲು ಸುಮಾರು ಎರಡು ಮೂರು ವಾರಗಳು ಹಿಡಿಯುವುವು. ಮೊದಲು ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟು, ಹೊಟ್ಟೆಯ ಕೆಳಭಾಗ ಇವುಗಳಲ್ಲಿ ಹಕ್ಕಳೆ ಕಟ್ಟುವುದು. ನಾಯಿಯು ಊಟ ನಿದ್ರೆಗಳನ್ನು ಬಿಟ್ಟು ಕೆರೆಯುವುದು. ಕಿವಿಯ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿದ ಕೂಡಲೆ ಹಿಂಗಾಲನ್ನು ಕೆರೆಯುವಂತೆ ಆಡಿಸಿದರೆ ಈ ರೋಗವೆಂದು ಬಲವಾಗಿ ಶಂಕಿಸಬಹುದು. ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವರು. ಆದರೆ ರೋಗವಿದ್ದರೂ ನುಸಿಯು ಸಿಕ್ಕದೆ ಹೋಗುವುದು ಸಾಮಾನ್ಯ. ಆಗ ವೈದ್ಯರು ಲಕ್ಷಣಗಳನ್ನು ನಂಬಿ ಔಷಧವನ್ನು ಕೊಟ್ಟರೆ ಅದನ್ನು ಊಹೆಯ ಚಿಕಿತ್ಸೆಯೆಂದು ಹಳಿಯಬಾರದು.

ಈ ನುಸಿಯು ನಾಯಿಯಿಂದ ನಾಯಿಗೆ ಬಹು ಬೇಗ ಹರಡುವುದು. ರೋಗವು ತಗಲಿದ ಕೂಡಲೆ ತುರಿಕೆಯು ಕಾಣದೆ ಕೆಲವು ವಾರಗಳ ಮೇಲೆ ಕಾಣಬಹುದಾದ್ದರಿಂದ, ಒಂದೇ ಮನೆಯ ಎರಡು ನಾಯಿಗಳಲ್ಲಿ ಒಂದು ಚೆನ್ನಾಗಿದೆಯೆಂದು ಅದನ್ನು ಚಿಕಿತ್ಸೆಯಿಂದ ಬಿಡತಕ್ಕದ್ದಲ್ಲ.

ಮರಿಗಳ ಕಣ್ಣಿನ ಸುತ್ತಲೂ, ಮೂತಿಯ ಮೇಲೂ, ಮುಂಗಾಲುಗಳಲ್ಲಿಯೂ ತುರಿಕೆಯಿಲ್ಲದೆ ರೋಮ ಉದುರಿದರೆ ಅದು ಬೇರೊಂದು ನುಸಿಯ ಕೆಲಸ. ಅದು ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯಿಂದ ಬರುವುದೇ ಹೊರತು ಬೀದಿಯ ನಾಯಿಯಿಂದ ಅಂಟುವುದಿಲ್ಲ. ಒಂದೆರಡು ಕಡೆ ಮಾತ್ರ ಇದ್ದರೆ ಎಷ್ಟೋ ಸಾರಿ ತಾನಾಗಿ ವಾಸಿಯಾಗುವುದು. ಮೈಯೆಲ್ಲ ಹರಡಿದರೆ ದೀರ್ಘವಾದ ಚಿಕಿತ್ಸೆಯು ಬೇಕು.

ಹುಳುವೇ ಇಲ್ಲದ ತುರಿಕೆಯೂ ಉಂಟು. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗಿನ ವಯಸ್ಸಿನಲ್ಲಿ ಪ್ರಾರಂಭವಾಗಿ, ಪಾದಗಳನ್ನು ನೆಕ್ಕುವುದು, ಮುಖವನ್ನು ನೆಲಕ್ಕೆ ಉಜ್ಜುವುದು, ಕಿವಿಯು ಮೇಲಿಂದ ಮೇಲೆ ಕೆಡುವುದು ಈ ಲಕ್ಷಣಗಳು ಕಂಡುಬಂದರೆ, ಹೂವಿನ ಪರಾಗ, ಮನೆಯ ಧೂಳು, ಬೂಷ್ಟು ಇವುಗಳಲ್ಲಿ ಯಾವುದೋ ಆ ನಾಯಿಗೆ ಒಗ್ಗುವುದಿಲ್ಲವೆಂದು ತಿಳಿಯಬಹುದು. ಇದನ್ನೇ ಅಲರ್ಜಿ ಎನ್ನುವರು. ಆಹಾರವೂ ಕಾರಣವಾಗಬಹುದು, ಹಾಲು, ಕೋಳಿಮಾಂಸ, ಗೋಧಿ ಮುಂತಾದುವು ಕೆಲವಕ್ಕೆ ಸೇರವು. ಇದನ್ನು ಪರೀಕ್ಷಿಸಬೇಕಾದರೆ ನಾಯಿಯು ಹಿಂದೆ ತಿಂದಿರದ ಒಂದೇ ಬಗೆಯ ಆಹಾರವನ್ನು ಎಂಟು ವಾರಗಳ ಕಾಲ ಕೊಡಬೇಕು. ನಾಯಿಯು ಮನೆಮನೆಗೂ ಹೋಗಿ ಮುದ್ದೆ ಮಜ್ಜಿಗೆ ತಿಂದು ಬರುವ ಹಳ್ಳಿಯಲ್ಲಿ ಈ ಪರೀಕ್ಷೆಯು ನಡೆಯುವುದು ದುಸ್ಸಾಧ್ಯವೆಂದೇ ನಮ್ಮ ಅಭಿಪ್ರಾಯ. ಅಲರ್ಜಿಯು ಬೇರುಸಹಿತ ಹೋಗುವುದು ಅಪರೂಪ, ಹತೋಟಿಯಲ್ಲಿಡಬಹುದು. ಆದರೆ ಹಳ್ಳಿಯ ನಾಯಿಯಲ್ಲಿ ಚಿಗಟ, ಉಣ್ಣೆ, ನುಸಿಗಳಿಲ್ಲವೆಂದು ಸ್ಥಿರಪಡಿಸಿಕೊಳ್ಳದೆ ಅಲರ್ಜಿಯ ಮಾತನ್ನು ಎತ್ತತಕ್ಕದ್ದಲ್ಲ. ತುರಿಕೆಯನ್ನು ಎರಡೇ ದಿನಗಳಲ್ಲಿ ಅಡಗಿಸುವ ಸ್ಟೀರಾಯ್ಡ್ ಮಾತ್ರೆಗಳನ್ನು ಅಂಗಡಿಯಿಂದ ತಂದು ಹಾಕುವವರುಂಟು. ನುಸಿಯ ಕಜ್ಜಿಯಲ್ಲಿ ಅವು ಮೈಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ, ಒಳಗೊಳಗೇ ರೋಗವನ್ನು ಬೆಳೆಸುವುವು.

ಮಾಡಬಾರದ ಚಿಕಿತ್ಸೆಗಳ ಪೈಕಿ ಮೊದಲನೆಯದು ಟ್ರ್ಯಾಕ್ಟರಿನ ಹಳೆಯ ಇಂಜಿನ್ ಎಣ್ಣೆಯನ್ನು ಬಳಿಯುವುದು. ನಾಯಿಯು ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ. ಬಳಿದದ್ದೆಲ್ಲ ಹೊಟ್ಟೆಗೆ ಸೇರುವುದೆಂದು ತಿಳಿಯತಕ್ಕದ್ದು. ಸೀಮೆಎಣ್ಣೆಯು ಹುಣ್ಣಾದ ಚರ್ಮವನ್ನು ಸುಡುವುದು. ಹಿಂದೆ ಮನೆಮನೆಯಲ್ಲಿದ್ದ ಗ್ಯಾಮಾಕ್ಸಿನ್ ಪುಡಿಯ ಮೂಲದ್ರವ್ಯವಾದ ಬಿ.ಎಚ್.ಸಿ.ಯನ್ನು 1997ರಲ್ಲಿಯೂ, ಅದರ ಶುದ್ಧರೂಪವಾದ ಲಿಂಡೇನ್‌ನ ಬಳಕೆಯನ್ನು 2013ರಲ್ಲಿಯೂ ಭಾರತ ಸರ್ಕಾರವು ನಿಷೇಧಿಸಿತು. ಅಟ್ಟದ ಮೇಲೆ ಹಳೆಯ ಡಬ್ಬಿಯು ಉಳಿದಿದ್ದರೆ ನಾಯಿಯ ಬಳಿಗೆ ತರಬಾರದು. ಬೆಳೆಗೆ ಸಿಂಪಡಿಸುವ ಕೀಟನಾಶಕವೂ ಹಾಗೆಯೇ. ಹೊಂಗೆಯೆಣ್ಣೆಯಲ್ಲಿ ಗಂಧಕವನ್ನು ಕಲಸಿ ಹಚ್ಚುವ ಹಿರಿಯರ ಪದ್ಧತಿಯನ್ನು ಮಾತ್ರ ನಾವು ಹಳಿಯಲಾರೆವು. ಗಂಧಕಕ್ಕೆ ನುಸಿಯನ್ನು ಕೊಲ್ಲುವ ಗುಣವು ನಿಜವಾಗಿಯೂ ಉಂಟು. ಆದರೆ ಕಜ್ಜಿ ಕಂಡ ಕಡೆ ಮಾತ್ರ ಒಂದು ದಿನ ಹಚ್ಚಿ ಬಿಡುವುದರಿಂದ ಅದು ಫಲಿಸುವುದಿಲ್ಲ.

ಈಗ ಇದಕ್ಕಿಂತ ಸುಲಭವಾದ ಔಷಧಗಳಿವೆ. ಜಪಾನಿನ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯಿಂದ ಬಂದ ಐವರ್ಮೆಕ್ಟಿನ್‌ಗಾಗಿ ಸತೋಶಿ ಒಮುರಾ, ವಿಲಿಯಂ ಕ್ಯಾಂಪ್‌ಬೆಲ್ ಎಂಬ ವಿಜ್ಞಾನಿಗಳು 2015ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಅದು ಕಜ್ಜಿಗೆ ಒಳ್ಳೆಯ ಔಷಧ. ಆದರೆ ದನಗಳ ಚುಚ್ಚುಮದ್ದಿನ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧವಿರುವುದು ಸಾಮಾನ್ಯ. ಕಣ್ಣಳತೆಯಿಂದ ನಾಯಿಗೆ ಕೊಟ್ಟರೆ ವಿಷವಾಗುವುದು. ಕೋಲಿ ಮುಂತಾದ ವಿಲಾಯಿತಿ ತಳಿಗಳಿಗೂ ಅವುಗಳ ಮಿಶ್ರಸಂತಾನಕ್ಕೂ ಸ್ವಲ್ಪವೇ ಅಪಾಯಕರ. ಫ್ಲುರಲನರ್, ಅಫಾಕ್ಸೊಲನರ್ ಎಂಬ ಹೊಸ ಮಾತ್ರೆಗಳು ಚಿಗಟ, ಉಣ್ಣೆಗಳೆರಡನ್ನೂ ಕೊಲ್ಲುವುವು, ಕಜ್ಜಿಯ ನುಸಿಯ ಮೇಲೂ ಚೆನ್ನಾಗಿ ಕೆಲಸ ಮಾಡುವುವು. ಬೆಲೆಯು ಹೆಚ್ಚಾದರೂ, ಹಿಡಿಯಲು ಬಾರದ ಬೀದಿನಾಯಿಗೆ ತಿಂಡಿಯೊಳಗಿಟ್ಟು ಕೊಡಬಹುದಾದದ್ದು ಇವುಗಳ ದೊಡ್ಡ ಅನುಕೂಲ. ಮೂರ್ಛೆರೋಗವಿರುವ ನಾಯಿಗೆ ಇವನ್ನು ಕೊಡುವ ಮೊದಲು ವೈದ್ಯರಿಗೆ ತಿಳಿಸತಕ್ಕದ್ದು. ತೂಕಕ್ಕೆ ತಕ್ಕ ಪ್ರಮಾಣವನ್ನೂ ಅವರೇ ಗೊತ್ತುಮಾಡಬೇಕು.

ಗ್ರಾಮದ ಮುಖಂಡರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟು. ಒಬ್ಬನು ತನ್ನ ನಾಯಿಯನ್ನು ವಾಸಿಮಾಡಿಕೊಂಡರೂ, ಬೀದಿಯಲ್ಲಿ ಕಜ್ಜಿನಾಯಿಗಳಿರುವ ತನಕ ರೋಗವು ಮರಳಿ ಬರುವುದು. ಪಂಚಾಯತಿಯವರು ಪಶುವೈದ್ಯರೊಡನೆ ಮಾತನಾಡಿ, ಹುಚ್ಚುನಾಯಿ ರೋಗದ ಲಸಿಕೆಗೆ ಊರಿನ ನಾಯಿಗಳನ್ನು ಸೇರಿಸುವ ದಿನವೇ ಕಜ್ಜಿಯ ಔಷಧವನ್ನೂ ಕೊಡಿಸಬಹುದು. ಬೀದಿನಾಯಿಗಳಿಗೆ ಲಸಿಕೆ, ಸಂತಾನಹರಣ ಚಿಕಿತ್ಸೆಗಳನ್ನು ಮಾಡಿಸುವ ಹೊಣೆಯನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೇ ವಹಿಸಿವೆ. ಅದೇ ದಿನ ಮನೆಯವರು ನಾಯಿಯ ಗೋಣಿಯನ್ನು ಸುಟ್ಟೋ, ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿಯೋ ಶುಚಿಮಾಡಲಿ. ವೈದ್ಯರು ಎರಡನೆಯ ಸಾರಿ ಔಷಧವನ್ನು ಹೇಳಿದ್ದರೆ, ಮೊದಲನೆಯದರಿಂದಲೇ ರೋಮ ಚಿಗುರಿತೆಂದು ಅದನ್ನು ತಪ್ಪಿಸಬಾರದು.

ನಾಯಿಯನ್ನು ಎತ್ತಿ ಆಡಿಸುವ ಮಕ್ಕಳ ತೋಳುಗಳಲ್ಲಿಯೂ ಹೊಟ್ಟೆಯ ಮೇಲೂ ಕೆಂಪು ಗುಳ್ಳೆಗಳೆದ್ದು ನವೆಯಾದರೆ ಗಾಬರಿಪಡಬೇಕಾಗಿಲ್ಲ. ನಾಯಿಯ ನುಸಿಯು ಮನುಷ್ಯರ ಮೈಯಲ್ಲಿ ಬಹುಕಾಲ ಬಾಳದು. ನಾಯಿಯು ವಾಸಿಯಾದ ಮೇಲೆ ಕೆಲವೇ ವಾರಗಳಲ್ಲಿ ಗುಳ್ಳೆಗಳು ಅಡಗುವುವು. ಅಡಗದಿದ್ದರೆ ಅದು ಮನುಷ್ಯರದೇ ಕಜ್ಜಿಯಾಗಿರಬಹುದಾದ್ದರಿಂದ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು.