ಅಂಗಡಿ ಬಲ್ಲವರ ಹತ್ತನೇ ತರಗತಿ

ನಮ್ಮ ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ವ್ಯವಹಾರ ಅಧ್ಯಯನ ಎಂಬ ಪುಟ್ಟ ಭಾಗವೊಂದಿದೆ. ಇತಿಹಾಸ, ಭೂಗೋಳ ಮುಗಿಸಿ ಮೇಷ್ಟ್ರು ಅಲ್ಲಿಗೆ ತಲುಪುವಷ್ಟರಲ್ಲಿ ವರ್ಷ ಮುಗಿಯುತ್ತ ಬಂದಿರುತ್ತದೆ. ಅದೇ ವಿಷಯ ಮುಕ್ತ ಶಾಲೆಯಲ್ಲಿ ಒಂದು ಪೂರ್ಣ ಪತ್ರಿಕೆ. ಎನ್‌ಐಒಎಸ್ ಎಂದೇ ಎಲ್ಲರ ಬಾಯಲ್ಲಿರುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಸೆಕೆಂಡರಿ ಹಂತದಲ್ಲಿ ಇದರ ಸಂಕೇತ ಸಂಖ್ಯೆ 215.

ಈ ಸಂಸ್ಥೆ 1979ರಲ್ಲಿ ಸಿಬಿಎಸ್‌ಇಯ ಒಂದು ಪ್ರಯೋಗವಾಗಿ ಶುರುವಾಯಿತು. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಬೇರೆ ನಿಂತಿತು, 2002ರಲ್ಲಿ ಈಗಿನ ಹೆಸರು ಪಡೆಯಿತು. ಪ್ರಧಾನ ಕಚೇರಿ ನೋಯ್ಡಾದಲ್ಲಿದೆ, ನಮ್ಮವರಿಗೆ ಬೆಂಗಳೂರಿನ ಪ್ರಾದೇಶಿಕ ಕೇಂದ್ರವಿದೆ. ಹದಿನಾಲ್ಕು ತುಂಬಿದ್ದರೆ ಸಾಕು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಭಾಷೆಯೂ ಸೇರಿ ಐದು ವಿಷಯ ಪಾಸಾಗಬೇಕು, ತೇರ್ಗಡೆಗೆ ನೂರಕ್ಕೆ 33. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ, ಒಮ್ಮೆ ನೋಂದಾಯಿಸಿದರೆ ಐದು ವರ್ಷದ ಅವಧಿಯಲ್ಲಿ ಒಂಬತ್ತು ಅವಕಾಶ. ಪಾಸಾದ ವಿಷಯದ ಅಂಕ ಖಾತೆಯಲ್ಲಿ ಜಮೆಯಾಗಿ ಉಳಿಯುತ್ತದೆ. ಈ ಸಲ ಎರಡು, ಮುಂದಿನ ಸಲ ಮೂರು ಎಂದು ಹಂಚಿಕೊಂಡು ಬರೆಯಬಹುದು. ಹಗಲಿಡೀ ಕೆಲಸ ಮಾಡುವವರಿಗೆ ನಿಜವಾದ ಉಪಕಾರ ಇದೇ.

ಗಣಿತ, ವಿಜ್ಞಾನ ಇಲ್ಲಿ ಕಡ್ಡಾಯವಲ್ಲ. ಹಾಗಾಗಿ ಗಣಿತಕ್ಕೆ ಹೆದರಿ ಶಾಲೆ ಬಿಟ್ಟವರು ವ್ಯವಹಾರ ಅಧ್ಯಯನದತ್ತ ಕೈ ಚಾಚುವುದು ಸಹಜ. ಆದರೆ ಇದನ್ನು ‘ಸುಲಭದ ಸಬ್ಜೆಕ್ಟು’ ಎಂದು ಬೆನ್ನು ತಟ್ಟಿ ಕಳಿಸುವವರ ಮಾತು ಅರ್ಧ ಸತ್ಯ. ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದವರಿಗೆ, ಮಂಡಿಯಲ್ಲಿ ಚೀಟಿ ಬರೆದವರಿಗೆ, ಸಂತೆಯಲ್ಲಿ ಅಮ್ಮನ ಜತೆ ತರಕಾರಿ ಮಾರಿದವರಿಗೆ ಪುಸ್ತಕದ ಮುಕ್ಕಾಲು ಭಾಗ ಕಣ್ಣಾರೆ ಕಂಡದ್ದೇ. ಉದ್ರಿ ಕೊಟ್ಟರೆ ಏನಾಗುತ್ತದೆ, ಸಗಟು ದರಕ್ಕೂ ಚಿಲ್ಲರೆ ದರಕ್ಕೂ ನಡುವೆ ಯಾರು ಯಾರಿಗೆ ಪಾಲು ಹೋಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಿದ್ದೂ ಅಂಥವರೇ ಈ ಪತ್ರಿಕೆಯಲ್ಲಿ ಅಂಕ ಬಿಟ್ಟು ಬರುತ್ತಾರೆ. ಗೊತ್ತಿರುವುದನ್ನು ಲಕ್ಷಣ, ವಿಧ, ಅನುಕೂಲ, ಮಿತಿ ಎಂದು ವಿಂಗಡಿಸಿ ಬರೆಯುವ ರೂಢಿ ಇಲ್ಲದಿರುವುದೇ ಕಾರಣ. ಈ ಪರೀಕ್ಷೆಯ ತಯಾರಿಯೆಂದರೆ ಬಹುಪಾಲು ಆ ರೂಢಿಯನ್ನು ಮಾಡಿಕೊಳ್ಳುವುದು.

ಪಠ್ಯದ ಹರವು ದೊಡ್ಡದಲ್ಲ. ವ್ಯವಹಾರವೆಂದರೇನು, ಸಂಘಟನೆಯ ರೂಪಗಳು, ಸಾರಿಗೆ-ಉಗ್ರಾಣ-ಅಂಚೆ-ಬ್ಯಾಂಕು-ವಿಮೆಯಂಥ ಸೇವೆಗಳು, ಕೊಳ್ಳುವಿಕೆ ಮತ್ತು ಮಾರಾಟ, ಜಾಹೀರಾತು, ಗ್ರಾಹಕರ ಹಕ್ಕು, ಕೊನೆಗೆ ಉದ್ಯೋಗದ ದಾರಿಗಳು. ಪುಸ್ತಕದಲ್ಲಿ ಬರುವ ಉದಾಹರಣೆಗಳು ಯಾವುದೋ ಊರಿನವು, ಒಣಕಲು. ಕನ್ನಡದ ವಿದ್ಯಾರ್ಥಿ ಅವನ್ನು ಪಕ್ಕಕ್ಕಿಟ್ಟು ನಮ್ಮವನ್ನೇ ಹಾಕಿಕೊಳ್ಳುವುದು ಮೇಲು. ಇದರಲ್ಲಿ ನಾವು ಬಡವರಲ್ಲ.

ಸಹಕಾರ ಸಂಘದ ಪಾಠವನ್ನೇ ನೋಡಿ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದದ್ದು ಗದಗ ಸೀಮೆಯ ಕಣಗಿನಹಾಳದ್ದು. 1904ರಲ್ಲಿ ಸಹಕಾರ ಕಾನೂನು ಬಂತು, ಮರುವರ್ಷವೇ ಅಲ್ಲಿನ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ‘ಒಬ್ಬ ಸದಸ್ಯನಿಗೆ ಒಂದೇ ಮತ’ ಎಂಬ ತತ್ವ ತಲೆಗೆ ಹೋಗದಿದ್ದರೆ ಊರಿನ ಹಾಲಿನ ಡೇರಿಯ ಚುನಾವಣೆ ನೆನೆಯಿರಿ. ಹತ್ತು ಲೀಟರ್ ಹಾಕುವವರಿಗೂ ಒಂದು ಲೀಟರ್ ಹಾಕುವವರಿಗೂ ಓಟು ಒಂದೇ. ಕಂಪನಿಯಲ್ಲಿ ಹಾಗಲ್ಲ, ಷೇರು ಎಷ್ಟೋ ಮತ ಅಷ್ಟು. ಸಹಕಾರ ಸಂಘಕ್ಕೂ ಕಂಪನಿಗೂ ವ್ಯತ್ಯಾಸ ಕೇಳಿದರೆ ಮೊದಲ ಅಂಶ ಸಿಕ್ಕಿಬಿಟ್ಟಿತು.

ಬ್ಯಾಂಕಿನ ಪಾಠಕ್ಕೆ ಕರಾವಳಿಯೇ ಪಾಠಶಾಲೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕಿನ ಮೂಲ ಸಂಸ್ಥೆ, ಅದೇ ವರ್ಷ ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ, 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು. ಸಿಂಡಿಕೇಟ್‌ನವರು 1928ರಲ್ಲಿ ಪಿಗ್ಮಿ ತಂದರು. ಏಜೆಂಟ್ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಬರೆದುಕೊಂಡು ಹೋಗುವ ಉಳಿತಾಯ ಅದು. ಉಳಿತಾಯ ಖಾತೆ, ಚಾಲ್ತಿ ಖಾತೆ, ನಿಶ್ಚಿತ ಠೇವಣಿ, ಆವರ್ತ ಠೇವಣಿ ಎಂದು ಗಿಳಿಪಾಠ ಒಪ್ಪಿಸುವವರಿಗಿಂತ, ಪಿಗ್ಮಿ ಕಟ್ಟಿದ ಮನೆಯ ಹುಡುಗಿ ಆವರ್ತ ಠೇವಣಿಯನ್ನು ಚೆನ್ನಾಗಿ ವಿವರಿಸಬಲ್ಲಳು. ಉಗ್ರಾಣದ ಪಾಠಕ್ಕೆ ಬ್ಯಾಡಗಿಯ ಶೀತಲಗೃಹಗಳಿವೆ. ಮೆಣಸಿನಕಾಯಿಗೆ ದರ ಬರುವವರೆಗೆ ಮಾಲನ್ನು ಅಲ್ಲಿಟ್ಟು ಕಾಯುವುದೆಂದರೆ ಉಗ್ರಾಣ ‘ಕಾಲದ ಉಪಯುಕ್ತತೆ’ಯನ್ನು ಹೇಗೆ ಸೃಷ್ಟಿಸುತ್ತದೆ ಎಂಬ ಪ್ರಶ್ನೆಗೆ ಉತ್ತರವೇ ತಾನೇ?

ವಿಮೆಯಲ್ಲಿ ಮಾತ್ರ ಅನುಭವ ಕೈಕೊಡುತ್ತದೆ. ನಷ್ಟ ಆದಷ್ಟನ್ನೇ ತುಂಬಿಕೊಡುವುದು ನಷ್ಟಭರ್ತಿ ತತ್ವ. ಅಂಗಡಿಗೆ ಬೆಂಕಿ ಬಿದ್ದರೆ ಅದು ಅನ್ವಯಿಸುತ್ತದೆ, ಜೀವವಿಮೆಗೆ ಅನ್ವಯಿಸುವುದಿಲ್ಲ, ಯಾಕೆಂದರೆ ಜೀವಕ್ಕೆ ಬೆಲೆ ಕಟ್ಟಲಾಗದು. ಈ ಒಂದು ಪಾಠವನ್ನು ನಿಧಾನವಾಗಿ, ಪೆನ್ಸಿಲ್ ಹಿಡಿದು ಓದಬೇಕು.

ಇನ್ನೊಂದು ತೊಡಕು ಹಳೆಯ ಗೈಡುಗಳದ್ದು. ಸೆಕೆಂಡ್ ಹ್ಯಾಂಡ್ ಪುಸ್ತಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ, ಆದರೆ ಕಾನೂನು ಅಲ್ಲೇ ನಿಂತಿಲ್ಲ. ಪಾಲುದಾರಿಕೆಯಲ್ಲಿ ಗರಿಷ್ಠ 20 ಮಂದಿ ಎಂದು ಅವುಗಳಲ್ಲಿರುತ್ತದೆ. 2013ರ ಕಂಪನಿ ಕಾಯ್ದೆಯ ಬಳಿಕ ಬಂದ ನಿಯಮಗಳ ಪ್ರಕಾರ ಈಗ 50. ಖಾಸಗಿ ಕಂಪನಿಯ ಸದಸ್ಯರ ಮಿತಿಯೂ 50ರಿಂದ 200ಕ್ಕೆ ಏರಿದೆ. 1986ರ ಗ್ರಾಹಕ ರಕ್ಷಣಾ ಕಾಯ್ದೆ ಹೋಗಿ 2019ರದ್ದು ಬಂದಿದೆ, ಜಿಲ್ಲಾ ವೇದಿಕೆ ಜಿಲ್ಲಾ ಆಯೋಗವಾಗಿದೆ. ತಂತಿ ಸೇವೆ 2013ರಲ್ಲೇ ನಿಂತಿತು. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಹಿಂದೂ ಅವಿಭಕ್ತ ಕುಟುಂಬದ ವ್ಯವಹಾರದಲ್ಲಿ ಗಂಡುಮಕ್ಕಳಿಗಷ್ಟೇ ಹುಟ್ಟಿನಿಂದ ಪಾಲು ಎಂಬ ಸಾಲು ಎಲ್ಲಾದರೂ ಕಂಡರೆ ಹೊಡೆದುಹಾಕಿ: ಹೆಣ್ಣುಮಕ್ಕಳಿಗೆ ಆ ಹಕ್ಕನ್ನು 2005ರ ತಿದ್ದುಪಡಿ ದೇಶಕ್ಕೆಲ್ಲ ಕೊಟ್ಟಿತು, ಕರ್ನಾಟಕ 1994ರಲ್ಲೇ ತನ್ನದೇ ತಿದ್ದುಪಡಿ ತಂದಿತ್ತು. ಸಂಸ್ಥೆಯೇ ಕೊಡುವ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು, ಸಂದೇಹ ಬಂದಲ್ಲಿ ಅಧ್ಯಯನ ಕೇಂದ್ರದ ಶಿಕ್ಷಕರನ್ನು ಕೇಳುವುದು ಕ್ಷೇಮ.

ಅಧ್ಯಯನ ಕೇಂದ್ರವೆಂದರೆ ಸಾಮಾನ್ಯವಾಗಿ ಯಾವುದೋ ಶಾಲೆ. ಅಲ್ಲಿ ರಜಾದಿನಗಳಲ್ಲಿ ಸಂಪರ್ಕ ತರಗತಿಗಳು ನಡೆಯುತ್ತವೆ. ಹಾಜರಿಯ ಒತ್ತಡವಿಲ್ಲವೆಂದು ತಪ್ಪಿಸುವವರೇ ಹೆಚ್ಚು, ತಪ್ಪಿಸಿ ನಷ್ಟ ಮಾಡಿಕೊಳ್ಳುವವರೂ ಅವರೇ. ಎಲ್ಲ ವಿಷಯದ ಪುಸ್ತಕ ಎಲ್ಲ ಭಾಷೆಯಲ್ಲೂ ಇಲ್ಲದ್ದರಿಂದ ಯಾವ ಮಾಧ್ಯಮದಲ್ಲಿ ಬರೆಯುತ್ತೀರಿ ಎಂಬುದನ್ನು ನೋಂದಣಿಗೆ ಮೊದಲೇ ಅಲ್ಲಿ ವಿಚಾರಿಸಿ ತೀರ್ಮಾನಿಸಬೇಕು.

ಶಿಕ್ಷಕರು ನೋಡಿ ಅಂಕ ಹಾಕುವ ಮನೆಗೆಲಸಕ್ಕೆ ಟಿಎಂಎ ಎಂದು ಹೆಸರು. ಅಂತಿಮ ಫಲಿತಾಂಶದಲ್ಲಿ ಇದಕ್ಕೆ ಶೇ 20ರ ತೂಕವಿದೆ. ಮನೆಯಲ್ಲೇ ಕೂತು, ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಇಷ್ಟು ಅಂಕವನ್ನು ಕಡೆಯ ದಿನಾಂಕ ಮರೆತು ಕಳೆದುಕೊಳ್ಳುವುದಕ್ಕೆ ಏನೆನ್ನಬೇಕೋ! ಈಚಿನ ವರ್ಷಗಳಲ್ಲಿ ಪಾಠಗಳನ್ನೂ ಎರಡಾಗಿ ಒಡೆದಿದ್ದಾರೆ. ಸುಮಾರು ಶೇ 40ರಷ್ಟು ಈ ಮನೆಗೆಲಸಕ್ಕೆ, ಉಳಿದ ಶೇ 60 ಸಾರ್ವಜನಿಕ ಪರೀಕ್ಷೆಗೆ. ಆ ಪಟ್ಟಿ ನೋಡದೆ ಇಡೀ ಪುಸ್ತಕ ಉರು ಹೊಡೆಯುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಪತ್ರಿಕೆಯಲ್ಲಿ ಅರ್ಧದಷ್ಟು ಅಂಕ ವಸ್ತುನಿಷ್ಠ ಪ್ರಶ್ನೆಗಳದ್ದು. ಅಲ್ಲಿ ಅಂಗಡಿಯ ಅನುಭವ ನೇರವಾಗಿ ಕೈಹಿಡಿಯುತ್ತದೆ.

ಉಳಿದರ್ಧಕ್ಕೆ ಕೈ ಪಳಗಬೇಕು. ‘ಏಕವ್ಯಕ್ತಿ ಒಡೆತನಕ್ಕೂ ಪಾಲುದಾರಿಕೆಗೂ ವ್ಯತ್ಯಾಸ ತಿಳಿಸಿ’ ಎಂದರೆ ಮೊದಲು ಒಂದರ ಕತೆ, ಆಮೇಲೆ ಇನ್ನೊಂದರ ಕತೆ ಬರೆದರೆ ಅಂಕ ಬರುವುದು ಕಷ್ಟ. ನಡುವೆ ಗೆರೆ ಎಳೆದು, ಒಡೆತನಕ್ಕೆ ಎದುರು ಒಡೆತನ, ಲಾಭಕ್ಕೆ ಎದುರು ಲಾಭ, ಹೊಣೆಗೆ ಎದುರು ಹೊಣೆ ಇಡಬೇಕು. ಎಡಗಡೆ ‘ಲಾಭವೆಲ್ಲ ಒಬ್ಬನದೇ’ ಎಂದಿದ್ದರೆ ಬಲಗಡೆ ‘ಒಪ್ಪಂದದಂತೆ ಹಂಚಿಕೆ’ ಎಂದೇ ಇರಬೇಕು, ‘ನೋಂದಣಿ ಕಡ್ಡಾಯವಲ್ಲ’ ಎಂದಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ದಿನಕ್ಕೊಂದು ಇಂಥ ಪ್ರಶ್ನೆ, ಗಡಿಯಾರ ಇಟ್ಟುಕೊಂಡು ಬರೆದರೆ ಎರಡು ತಿಂಗಳಲ್ಲಿ ಕೈ ತಾನೇ ದಾರಿಗೆ ಬರುತ್ತದೆ.

ಏಪ್ರಿಲ್-ಮೇ ಅಥವಾ ಅಕ್ಟೋಬರ್-ನವೆಂಬರ್‌ವರೆಗೆ ಕಾಯಲಾಗದವರಿಗೆ ಬೇಡಿಕೆಯ ಮೇಲಿನ ಪರೀಕ್ಷೆಯೆಂಬ ವ್ಯವಸ್ಥೆಯಿದೆ. ಅಭ್ಯರ್ಥಿ ತಾನೇ ದಿನ ಆರಿಸಿಕೊಳ್ಳಬಹುದು. ಪ್ರಶ್ನೆಪತ್ರಿಕೆಯನ್ನು ಕಂಪ್ಯೂಟರ್ ಒಬ್ಬೊಬ್ಬರಿಗೆ ಒಂದೊಂದರಂತೆ ತಯಾರಿಸುವುದರಿಂದ ಪಕ್ಕದವರ ಹಾಳೆ ನೋಡಿ ಪ್ರಯೋಜನವಿಲ್ಲ. ‘ಗ್ಯಾರಂಟಿ ಪಾಸ್’ ಎಂದು ಗೋಡೆಗೆ ಚೀಟಿ ಅಂಟಿಸುವ ಮಧ್ಯವರ್ತಿಗಳಿಗೆ ಸಾವಿರಗಟ್ಟಲೆ ಸುರಿಯುವ ಮುನ್ನ ಸಂಸ್ಥೆಯ ಜಾಲತಾಣದಲ್ಲಿ ನಿಜವಾದ ಶುಲ್ಕ ಎಷ್ಟೆಂದು ನೋಡಿಕೊಳ್ಳಿ, ನೋಂದಣಿಯನ್ನೂ ಅಲ್ಲೇ ಮಾಡಿಕೊಳ್ಳಬಹುದು. ದುಡ್ಡು ಕೊಟ್ಟಾಗ ರಸೀದಿ ಕೇಳಿ ಪಡೆಯುವುದು ಗ್ರಾಹಕರ ಜವಾಬ್ದಾರಿ ಎಂದು 215ರ ಪುಸ್ತಕವೂ ಹೇಳುತ್ತದೆ.