ಬರೆದಿಡದ ಕಟ್ಟಳೆ

1968ರಲ್ಲಿ ಲೂಯಿಸ್ ಲ್ಯಾಂಫಿಯರ್ ಅಮೆರಿಕದ ಪ್ರಾವಿಡೆನ್ಸ್ ನಗರದ ಬ್ರೌನ್ ವಿಶ್ವವಿದ್ಯಾಲಯಕ್ಕೆ ಮಾನವಶಾಸ್ತ್ರ ಕಲಿಸಲು ಬಂದಾಗ, ವಿಭಾಗದಲ್ಲಿದ್ದ ಉಳಿದ ಅಧ್ಯಾಪಕರೆಲ್ಲ ಗಂಡಸರೇ. ಅದಕ್ಕೆ ಮೊದಲು ಅವರು ನ್ಯೂ ಮೆಕ್ಸಿಕೋದ ನವಾಹೋ ಜನರ ನಡುವೆ ಇದ್ದು ಬಂದಿದ್ದರು. ಕುರಿ ಕಾಯಲು, ನೀರು ಸೌದೆ ತರಲು, ದೈವಕಾರ್ಯಕ್ಕೆ ಕೈಜೋಡಿಸಲು ಯಾರು ಯಾರನ್ನು ಕರೆಯುತ್ತಾರೆ ಎಂಬುದನ್ನು ಅಲ್ಲಿ ಗಮನಿಸಿದ್ದರು. ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ ಕಣ್ಣಿಗೆ ಬೀಳುವುದು ಹಾಗೆ ಲೆಕ್ಕವಿಟ್ಟಾಗಲೇ.

1974 ಬಂತು. ಮಿಶೆಲ್ ರೊಸಾಲ್ಡೋ ಜೊತೆಗೂಡಿ ಅವರು ಸಂಪಾದಿಸಿದ ‘ವುಮನ್, ಕಲ್ಚರ್ ಅಂಡ್ ಸೊಸೈಟಿ’ ಪ್ರಕಟವಾಯಿತು. ಹೆಣ್ಣಿನ ಸ್ಥಾನ ಎಲ್ಲೆಡೆ ಒಂದು ಮೆಟ್ಟಿಲು ಕೆಳಗೇ ಏಕೆ ಎಂದು ಕೇಳಿದ ಪುಸ್ತಕ ಅದು. ಅದೇ ವರ್ಷ ವಿಭಾಗ ಅವರಿಗೆ ಟೆನ್ಯೂರ್, ಅಂದರೆ ಕಾಯಂ ಹುದ್ದೆ, ನಿರಾಕರಿಸಿತು. ಬರಹದಲ್ಲಿ ಸಿದ್ಧಾಂತದ ಕಸುವು ಸಾಲದು ಎಂಬುದು ಕಾರಣ. ಟೆನ್ಯೂರ್ ಸಿಗದಿದ್ದರೆ ಗಂಟುಮೂಟೆ ಕಟ್ಟುವುದೊಂದೇ ದಾರಿ.

ವಿಶ್ವವಿದ್ಯಾಲಯದೊಳಗೆ ಮಾಡಿದ ಮನವಿ ಫಲಿಸಲಿಲ್ಲ. ಕೆಲವೇ ವರ್ಷ ಹಿಂದಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಉದ್ಯೋಗದಲ್ಲಿ ತಾರತಮ್ಯ ಸಲ್ಲದೆಂದ 1964ರ ನಾಗರಿಕ ಹಕ್ಕುಗಳ ಕಾಯ್ದೆ, ಕಾಲೇಜು ಅಧ್ಯಾಪಕರನ್ನು ಹೊರಗಿಟ್ಟಿತ್ತು. 1972ರ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತ್ತು. ಹಾಗಾಗಿ 1975ರ ಮೇ ತಿಂಗಳಲ್ಲಿ ಲ್ಯಾಂಫಿಯರ್ ಕೋರ್ಟಿನ ಮೆಟ್ಟಿಲೇರಿದರು.

ಎದುರಾಳಿಗಳು ಹೊರಗಿನವರಲ್ಲ, ನಿನ್ನೆಯವರೆಗೆ ಜೊತೆಗೆ ಪಾಠ ಮಾಡಿದವರು. ಅಂಥ ಜಗಳಕ್ಕೆ ಬೇಕಾದ ಎದೆಗಾರಿಕೆ ಸಣ್ಣದಲ್ಲ. ಆದರೆ ಒಂಟಿತನ ಹೆಚ್ಚು ಕಾಲ ಉಳಿಯಲಿಲ್ಲ. ಬೇರೆ ವಿಭಾಗಗಳ ಮಹಿಳೆಯರೂ ಜೊತೆಯಾದರು. 1976ರಲ್ಲಿ ನ್ಯಾಯಾಧೀಶ ರೇಮಂಡ್ ಪೆಟೀನ್ ಇದನ್ನು ಒಬ್ಬಳ ದೂರಾಗಿ ನೋಡದೆ ಇಡೀ ವರ್ಗದ ದಾವೆಯೆಂದು ಮಾನ್ಯ ಮಾಡಿದರು. ವಿಶ್ವವಿದ್ಯಾಲಯ ಮೇಲಿನ ಕೋರ್ಟಿಗೆ ಹೋಯಿತು. ಅಲ್ಲಿ ಅದರ ಅರ್ಜಿ ನಿಲ್ಲಲಿಲ್ಲ. ಅಷ್ಟರಲ್ಲಿ ಲ್ಯಾಂಫಿಯರ್ ನ್ಯೂ ಮೆಕ್ಸಿಕೋದಲ್ಲಿ ಬೇರೆ ಕೆಲಸ ಹಿಡಿದಿದ್ದರು. ಮೊಕದ್ದಮೆಯನ್ನು ಮಾತ್ರ ಕೈಬಿಡಲಿಲ್ಲ.

1977ರ ಸೆಪ್ಟೆಂಬರಿನಲ್ಲಿ, ವಿಚಾರಣೆ ನಡೆಯುವ ಮೊದಲೇ ರಾಜಿಯಾಯಿತು. ತಪ್ಪು ಮಾಡಿದ್ದೇವೆಂದು ಬ್ರೌನ್ ಒಪ್ಪಲಿಲ್ಲ. ಆದರೆ ಲ್ಯಾಂಫಿಯರ್‌ಗೆ ಟೆನ್ಯೂರ್ ಕೊಟ್ಟಿತು. 1979ರಲ್ಲಿ ಅವರು ಮರಳಿ ಬಂದರು.

ಗುಟ್ಟು ಇದ್ದದ್ದು ಟೆನ್ಯೂರ್ ಕೊಡುವ ಅಳತೆಗೋಲಿನಲ್ಲಿ. ಸಹೋದ್ಯೋಗಿಗಳು ಬಾಗಿಲು ಹಾಕಿಕೊಂಡು ತೀರ್ಮಾನಿಸುವಾಗ ಒಂದೊಂದು ಕಡತಕ್ಕೂ ಒಂದೊಂದು ಕಾರಣ ಸಿಗುತ್ತದೆ. ಕಡತಗಳನ್ನು ಸಾಲಾಗಿ ಇಟ್ಟಾಗಷ್ಟೇ ಯಾರು ಒಳಗೆ, ಯಾರು ಹೊರಗೆ ಎಂಬುದು ಕಾಣುವುದು. ರಾಜಿ ಒಪ್ಪಂದ ಆ ಅಳತೆಗೋಲನ್ನೇ ಬಯಲಿಗೆ ತಂದಿತು: ಟೆನ್ಯೂರ್‌ಗೆ ಏನು ಬೇಕೆಂದು ವಿಭಾಗಗಳು ಬರೆದಿಡಬೇಕು, ಮಹಿಳೆಯರ ನೇಮಕಕ್ಕೆ ಗುರಿ ಇರಬೇಕು, ಅದರ ಮೇಲೆ ಕಣ್ಣಿಡಲು ಒಂದು ಸಮಿತಿ ಇರಬೇಕು. 1992ರವರೆಗೆ ಆ ಒಪ್ಪಂದ ಜಾರಿಯಲ್ಲಿತ್ತು.