ಮೈಯಲ್ಲಿ ಉಳಿದ ಭಯಕ್ಕೆ ಕರುಣೆಯ ಆರೈಕೆ

ಶರೀರ ಮತ್ತು ಮನಸ್ಸು ಪರಸ್ಪರ ಅವಲಂಬಿತವೆಂಬುದು ಚರಕ ಸಂಹಿತೆಯ ಮೂಲ ತಿಳಿವಳಿಕೆಗಳಲ್ಲೊಂದು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮಾಸೂರು ಹಾಗೂ ಸುತ್ತಲಿನ ಹಳ್ಳಿಗಳಿಂದ ತಲೆಶೂಲೆ, ಹೊಟ್ಟೆನೋವು, ನಿದ್ರಾನಾಶ, ಎದೆಬಡಿತವೆಂದು ವರ್ಷಗಟ್ಟಲೆ ಔಷಧ ಸೇವಿಸಿದವರು ನಮ್ಮಲ್ಲಿಗೆ ಬರುತ್ತಾರೆ. ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣದು. ಇಂಥವರಲ್ಲಿ ಕೆಲವರ ನೋವಿನ ಬೇರು, ಎಳವೆಯಲ್ಲಿ ನಡೆದು ಯಾರಿಗೂ ಹೇಳಲಾಗದೆ ಉಳಿದ ಸಂಗತಿಯಲ್ಲಿರುತ್ತದೆ.

ಇದು ಅಪರೂಪದ ಮಾತಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಅವರಲ್ಲಿ ಅರ್ಧಕ್ಕೂ ಮಿಕ್ಕಿ ಗಂಡುಮಕ್ಕಳು. ನೋವು ಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಪರಿಚಿತರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಅದನ್ನು ಯಾರಲ್ಲಿಯೂ ಬಾಯಿಬಿಟ್ಟಿರಲಿಲ್ಲ.

ಅಪಾಯ ಬಂದಾಗ ಎದೆಬಡಿತ ಏರುತ್ತದೆ, ಉಸಿರು ಮೊಟಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕೆಲವರು ಕಲ್ಲಿನಂತೆ ಸ್ತಬ್ಧರಾಗುತ್ತಾರೆ. ಓಡಲಾರದ, ಕೂಗಲಾರದ ಮಗುವಿನ ಶರೀರವು ಈ ಎಚ್ಚರವನ್ನು ಕಲಿತು ಉಳಿಸಿಕೊಳ್ಳುತ್ತದೆ. ಮೂವತ್ತು ವರ್ಷಗಳ ನಂತರವೂ ಒಂದು ವಾಸನೆ, ಒಂದು ಧ್ವನಿ, ಹಿಂದಿನಿಂದ ಬಂದ ಒಂದು ಸ್ಪರ್ಶ ಅದನ್ನು ಮರಳಿ ಎಬ್ಬಿಸಬಲ್ಲುದು. ಭಯಶೋಕಗಳಿಂದ ವಾತವು ಪ್ರಕೋಪಗೊಳ್ಳುತ್ತದೆಂದು ಆಯುರ್ವೇದ ಹೇಳುವುದು ಇಂಥ ಸ್ಥಿತಿಯನ್ನೇ. ಇದು ನಟನೆಯಲ್ಲ, ಗಾಳಿಸೋಂಕೂ ಅಲ್ಲ.

ಹೀಗಾಗಿ ಮೊದಲ ಔಷಧವೆಂದರೆ ನಂಬುವುದು. "ಇದರಲ್ಲಿ ನಿನ್ನ ತಪ್ಪಿಲ್ಲ" ಎಂಬ ಮಾತನ್ನು ಮನೆಯವರು ಆಡಬೇಕು. ವಿವರಗಳನ್ನು ಕೆದಕಬಾರದು. ಅನೇಕರು ತಮ್ಮ ಮೈಯೇ ಮೈಲಿಗೆಯಾಯಿತೆಂದು ಕೊರಗುತ್ತಾರೆ. ಪಂಚಸೂತಕಗಳನ್ನೇ ನಿರಾಕರಿಸಿದ ಶರಣರ ಮಾರ್ಗದಲ್ಲಿ ನಡೆಯುವ ನಾವು, ಅನ್ಯರ ಪಾಪವು ಮಗುವಿನ ದೇಹಕ್ಕೆ ಅಂಟದೆಂದು ಧೈರ್ಯವಾಗಿ ಹೇಳಬೇಕು. ನೋವು ಕೊಟ್ಟವನು ಹಿರಿಯನೆಂಬ ಕಾರಣಕ್ಕೆ ಜಾತ್ರೆ, ಮದುವೆಗಳಲ್ಲಿ ಅವನ ಪಾದ ಮುಟ್ಟೆಂದು ಒತ್ತಾಯಿಸುವುದು ಗಾಯವನ್ನು ಮತ್ತೆ ಕೆರೆದಂತೆ.

ಎರಡನೆಯದು, ಶರೀರಕ್ಕೆ ನೆಮ್ಮದಿಯನ್ನು ನಿಧಾನವಾಗಿ ಕಲಿಸುವುದು. ಭಯ ಉಕ್ಕಿದಾಗ ಎರಡೂ ಪಾದಗಳನ್ನು ನೆಲಕ್ಕೆ ಊರಿ ಕುಳಿತು, ಒಳಗೆಳೆದುದಕ್ಕಿಂತ ದೀರ್ಘವಾಗಿ ಉಸಿರನ್ನು ಹೊರಬಿಡಬೇಕು. ಸುತ್ತಲೂ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಬೇಕು. ಮಲಗುವ ಮುನ್ನ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ತಮ್ಮ ಕೈಯಿಂದಲೇ ತಮ್ಮ ಪಾದಗಳಿಗೆ ಹಚ್ಚಿಕೊಳ್ಳುವುದು ಹಿತಕರ. ಹೊತ್ತಿಗೆ ಸರಿಯಾದ ಊಟ, ನಿದ್ರೆ, ಬೆಳಗಿನ ನಡಿಗೆಯೂ ಬೇಕು.

ಇಲ್ಲಿ "ತಮ್ಮ ಕೈಯಿಂದಲೇ" ಎಂಬುದು ಮುಖ್ಯ. ಒಮ್ಮೆ ಇಚ್ಛೆಗೆ ವಿರುದ್ಧವಾಗಿ ಮುಟ್ಟಿಸಿಕೊಂಡ ದೇಹಕ್ಕೆ ಅಭ್ಯಂಗವೂ ಹಿಂಸೆಯಾಗಬಹುದು. ಕಣ್ಣು ಮುಚ್ಚಿ ಮಲಗಿಸುವ ಶಿರೋಧಾರೆಯೂ ಕೆಲವರಲ್ಲಿ ದಿಗಿಲು ಹುಟ್ಟಿಸುತ್ತದೆ. ಆದಕಾರಣ ವೈದ್ಯರು ಪ್ರತಿಯೊಂದು ಹಂತದಲ್ಲಿಯೂ ಅನುಮತಿ ಕೇಳಬೇಕು, ಜೊತೆಗೆ ನಂಬಿಕೆಯ ಒಬ್ಬರನ್ನು ಇರಿಸಿಕೊಳ್ಳಬೇಕು, "ಸಾಕು" ಎಂದೊಡನೆ ನಿಲ್ಲಿಸಬೇಕು. "ಬೇಡ" ಎಂದರೆ ಎದುರಿನವರು ಕೇಳುತ್ತಾರೆಂಬ ಅನುಭವವೇ ಅರ್ಧ ಚಿಕಿತ್ಸೆ. ಧ್ಯಾನದಲ್ಲಿಯೂ ಅಷ್ಟೆ, ಕಣ್ಣು ತೆರೆದು ಕುಳಿತರೆ ದೋಷವಿಲ್ಲ.

ಎಣ್ಣೆ, ಉಸಿರುಗಳಿಂದಲೇ ಎಲ್ಲವೂ ಗುಣವಾಗದು. ಸಾಯುವ ಯೋಚನೆ, ದುಶ್ಚಟ, ತೀವ್ರ ಖಿನ್ನತೆ ಕಂಡರೆ ತಡಮಾಡದೆ ಧಾರವಾಡದ ಡಿಮ್ಹಾನ್ಸ್‌ನಂಥ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು. ಅಲ್ಲಿ ಕೊಟ್ಟ ಗುಳಿಗೆಗಳನ್ನು ನಮ್ಮ ಕಷಾಯದ ಭರವಸೆಯಿಂದ ನಿಲ್ಲಿಸಕೂಡದು.

ಈಗಲೂ ಯಾವುದೇ ಮಗು ಇಂಥ ಸಂಕಟದಲ್ಲಿದ್ದರೆ 1098ಕ್ಕೆ ಕರೆಮಾಡಿರಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮನೆತನದ ಮಾನವೆಂದು ಮುಚ್ಚಿಡುವುದು ಅಪರಾಧ. ಮಗು ಮೊದಲ ಸಲ ಬಾಯಿಬಿಟ್ಟಾಗ ಕೇಳಿಸಿಕೊಳ್ಳುವವರು ಸದ್ಭಕ್ತರಾದ ತಾವೇ ಆಗಿರಬಹುದು. ಆಗ ಗದರದೆ ಪೂರ್ತಿ ಕೇಳಿರಿ.